ಓಣಿಯೆಲ್ಲ ಕೆಮ್ಮಿದ ದಿನ

ನಮ್ಮ ತಿಳವಳ್ಳಿ ಕಡೆ ಶಿವರಾತ್ರಿ ದಾಟಿ ಬಿಸಿಲು ಬಲಿಯಿತೆಂದರೆ ಹೆಣ್ಣುಮಕ್ಕಳ ಬಾಯಲ್ಲಿ ಎರಡೇ ಮಾತು. ಒಂದು ಶಾವಿಗೆ ಹಪ್ಪಳದ್ದು, ಇನ್ನೊಂದು ಖಾರದ್ದು. ವರ್ಷಕ್ಕಾಗುವಷ್ಟು ಖಾರ ಒಂದೇ ಸಲ ಕುಟ್ಟಿಸಿ, ಭರಣಿಗೆ ತುಂಬಿ, ಹುಳ ಬೀಳದಂತೆ ನಡುವೆ ಇಂಗಿನ ಹರಳು ಹುದುಗಿಸಿ, ಬಾಯಿಗೆ ಬಿಳಿ ಅರಿವೆ ಬಿಗಿದು ಅಡುಗೆಮನೆಯ ಮೂಲೆ ಸೇರಿಸಿದ ಮೇಲೇ ಅವರಿಗೆ ನಿದ್ದೆ. ಬ್ಯಾಡಗಿ ನಮಗೇನು ದೂರವಲ್ಲ. ಸೋಮವಾರ, ಗುರುವಾರದ ಮಾರುಕಟ್ಟೆಗೆ ಹೋದವರು ಯಾರಾದರೂ ಚೀಲ ತರುತ್ತಾರೆ, ನಾಲ್ಕು ಮನೆಯವರು ಹಂಚಿಕೊಳ್ಳುತ್ತಾರೆ. ಬ್ಯಾಡಗಿ ಕಾಯಿಗೆ ಮೈತುಂಬ ಸುಕ್ಕು, ಬಣ್ಣ ಕಡುಗೆಂಪು, ಉರಿ ಕಡಿಮೆ. ಉರಿ ಬೇಕೆಂದವರು ಒಂದಿಷ್ಟು ಗುಂಟೂರು ಕಾಯಿ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು ಅನ್ನುವುದರ ಮೇಲೆ ಅತ್ತೆ ಸೊಸೆಯರು ಮಾತು ಬಿಟ್ಟ ಮನೆಗಳನ್ನೂ ನಾನು ಕಂಡಿದ್ದೇನೆ.

ನಾನು ಹೇಳಹೊರಟಿದ್ದು 2020ರ ಖಾರದ ಕತೆ. ಆದರೆ ಅದಕ್ಕೆ ಮೊದಲು ಕೆಮ್ಮಿನ ಮಾತು ಸ್ವಲ್ಪ ಹೇಳಬೇಕು.

ಆ ವರ್ಷದ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ. ಅಲ್ಲಿಯವರೆಗೆ ಅದು ಚೀನಾದ ಸುದ್ದಿ, ಇಟಲಿಯ ಸುದ್ದಿ. ಕಲಬುರಗಿ ಎಂದ ಕೂಡಲೇ ಚಹದಂಗಡಿಯ ಮಾತು ಸಣ್ಣದಾಯಿತು. ಅದೇ ಹೊತ್ತಿಗೆ ಯಾರಿಗೆ ಫೋನು ಹಚ್ಚಿದರೂ ಮೊದಲು ಒಂದು ಕೆಮ್ಮು ಕೇಳತೊಡಗಿತು, ಅದಾದ ಮೇಲೆ ಕೈ ತೊಳೆಯಿರಿ, ದೂರ ಇರಿ ಎಂಬ ಮಾತು. ನಮ್ಮವ್ವನಿಗೆ ಅದು ಸರಕಾರದ ರೆಕಾರ್ಡು ಎಂದು ತಿಳಿಸಿ ಹೇಳುವುದು ನನ್ನಿಂದ ಆಗಲೇ ಇಲ್ಲ. ಅಕ್ಕಿಆಲೂರಿನಲ್ಲಿರುವ ನನ್ನ ತಂಗಿಗೆ ಫೋನು ಹಚ್ಚಿಕೊಟ್ಟರೆ, ಕಿವಿಗಿಟ್ಟುಕೊಂಡು, “ಯಾರಬೇ ಅದು ಹಂಗ ಕೆಮ್ಮಾಕತ್ತಾರ? ಮೊದಲ ಅವರಿಗೆ ಒಂದೀಟು ಬಿಸಿನೀರು ಕೊಡು” ಅನ್ನುತ್ತಿದ್ದಳು. ತಂಗಿ ಆ ಕಡೆಯಿಂದ ಇನ್ನೂ ಹಲೋ ಕೂಡ ಅಂದಿರುತ್ತಿರಲಿಲ್ಲ.

ಹೀಗೆ ನಮ್ಮ ಕಿವಿಗೆ ಕೆಮ್ಮಿನ ಅಂಜಿಕೆ ಹೊಕ್ಕಿತು. ಅದಕ್ಕೆ ಮೊದಲು ಕೆಮ್ಮಿದರೆ ‘ಯಾಕ, ನೆತ್ತಿಗೇರಿತೇನು, ಯಾರೋ ನೆನಸಾಕತ್ತಾರ’ ಅನ್ನುತ್ತಿದ್ದ ಊರು ನಮ್ಮದು.

ಮಾರ್ಚ್ 22ರ ರವಿವಾರ ಜನತಾ ಕರ್ಫ್ಯೂ ಆಯಿತು. ಸಂಜೆ ಐದಕ್ಕೆ ಓಣಿಯವರೆಲ್ಲ ಬಾಗಿಲಿಗೆ ಬಂದು ತಾಟು, ಜಾಗಟೆ ಬಡಿದರು. ಮುಂದಿನ ಬುಧವಾರವೇ ಯುಗಾದಿ, ಅದೇ ದಿನದಿಂದ ದೇಶಕ್ಕೆಲ್ಲ ಬೀಗ. ಮೊದಲು 21 ದಿನ ಅಂದರು. ಬೇವು ಬೆಲ್ಲ ತಿಂದೆವು, ಹೋಳಿಗೆಯೂ ಆಯಿತು, ಕಟ್ಟಿನ ಸಾರೂ ಆಯಿತು. ಆದರೆ ಹೋಳಿಗೆ ಹಬ್ಬ ಅಂದರೆ ಹಂಚುವ ಹಬ್ಬ. ನಮ್ಮ ಮನೆಯ ಹೋಳಿಗೆ ಮೂರು ಮನೆಗೆ ಹೋಗಬೇಕು, ಆ ಮೂರು ಮನೆಯದು ನಮಗೆ ಬರಬೇಕು. ಆ ಸಲ ಮುಚ್ಚಿದ ತಾಟುಗಳು ಓಣಿಯಲ್ಲಿ ಓಡಾಡಲಿಲ್ಲ. ನಮ್ಮೂರ ಶಾಂತೇಶ್ವರ ಗುಡಿ ಸೇವುಣರ ಕಾಲದ್ದು, 13ನೇ ಶತಮಾನದ ಕಲ್ಲುಕಟ್ಟಡ, ಎಷ್ಟೋ ಬರಗಾಲ, ಎಷ್ಟೋ ದಂಡು ಕಂಡದ್ದು. ಶಾರ್ವರಿ ಸಂವತ್ಸರದ ಪಂಚಾಂಗ ಕೇಳಲು ಅಲ್ಲಿ ಯಾರೂ ಸೇರಲಿಲ್ಲ. ಮಳೆ ಎಷ್ಟು ಕೊಳಗ, ಬೆಳೆ ಎಷ್ಟು ಕೊಳಗ ಎಂದು ತಿಳಿಯದೆಯೇ ನಮ್ಮ ಹೊಸ ವರ್ಷ ಶುರುವಾಯಿತು.

ಸುದ್ದಿಗಳಿಗೇನೂ ಬೀಗ ಇರಲಿಲ್ಲ. ಎಲ್ಲೋ ಆಗತಾನೇ ಹುಟ್ಟಿದ ಕೂಸು ಮಾತಾಡಿತಂತೆ, ಹಾಲು ಹಾಕದ ಬೆಲ್ಲದ ಚಹ ಕುಡಿದರೆ ರೋಗ ಬರುವುದಿಲ್ಲ ಅಂದಿತಂತೆ, ಅಷ್ಟು ಹೇಳಿ ಕಣ್ಣು ಮುಚ್ಚಿತಂತೆ. ಆ ಸುದ್ದಿ ಯಾವ ದಿಕ್ಕಿನಿಂದ ಬಂತೋ, ಅಂತೂ ನಮ್ಮ ಓಣಿಯಲ್ಲಿ ಸರಿರಾತ್ರಿಗೆ ಒಲೆ ಹೊತ್ತಿದವು. ನನ್ನ ಹೆಂಡತಿ ಮಕ್ಕಳನ್ನು ಎಬ್ಬಿಸಿ ಕುಡಿಸಿದಳು. ಶುಂಠಿ ಜಜ್ಜಿ ಹಾಕಿದ್ದಳು, ಚಹ ಚಲೋ ಆಗಿತ್ತು.

ಆಮೇಲೆ ಮುಳ್ಳುಕಂಟಿ ಬಂತು. ಸುತ್ತಲಿನ ಊರುಗಳಲ್ಲೆಲ್ಲ ಹುಡುಗರು ಜಾಲಿ ಕಡಿದು ರಸ್ತೆಗೆ ಅಡ್ಡ ಹಾಕುತ್ತಿದ್ದ ಕಾಲ ಅದು, ಕೆಲವು ಕಡೆ ಕಾಲುವೆ ತೋಡಿ ದಾರಿಯನ್ನೇ ಕಡಿದಿದ್ದರು. ನಮ್ಮ ಹುಡುಗರು ಓಣಿಯ ಎರಡೂ ಬಾಯಿಗೆ ಕಂಟಿ ಎಳೆದರು. ಹಾಲಿನವನಿಗೆ ಒಂದು ಸಂದಿ, ಅಷ್ಟೇ. ಆನವಟ್ಟಿ ನಮಗೆ ಅಣ್ಣ ತಮ್ಮಂದಿರ ಊರಿದ್ದಂತೆ. ಅದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕು ಎಂಬುದು ಕಾಗದಪತ್ರಕ್ಕಷ್ಟೇ ಬೇಕಾದ ಮಾತಾಗಿತ್ತು. ಈಗ ನಡುವೆ ಗಡಿ ಎದ್ದು ನಿಂತಿತು. ಅಲ್ಲಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವಂತಿಲ್ಲ, ಇಲ್ಲಿಯವರು ಬಾಣಂತಿ ನೋಡಲು ಹೋಗುವಂತಿಲ್ಲ.

ಮನೆಯೊಳಗೆ ಕೂತ ಗಂಡಸರ ಕಾಟ ಹೆಣ್ಣುಮಕ್ಕಳಿಗೆ, ಹೆಣ್ಣುಮಕ್ಕಳ ಸಿಡುಕು ಮಕ್ಕಳಿಗೆ. ಬಿಸಿಲು ಅಂದರೆ ಬಿಸಿಲು. ಪತ್ರಾಸಿನ ಮನೆಗಳಲ್ಲಿ ಮಧ್ಯಾಹ್ನ ಕೂರುವಂತಿರಲಿಲ್ಲ, ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತರೆ ಯಾರಾದರೂ ಬಂದು ಎಬ್ಬಿಸುತ್ತಿದ್ದರು. ಸಂತೆ ನಿಂತಿತು. ಸವಣೂರು ಎಲೆ ಬರುವುದು ನಿಂತು ಎಲೆಅಡಿಕೆ ಚಟದವರ ಮುಖ ನೋಡಲಾಗುತ್ತಿರಲಿಲ್ಲ. ನಮ್ಮ ಓಣಿಯ ಅಜ್ಜಿಯೊಬ್ಬಳು ಇದ್ದ ಕವಳೆ ಎಲೆಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟು, ದಿನಕ್ಕೊಂದು ಎಲೆ ಅರ್ಧ ಹರಿದು, ಮುಂಜಾನೆಗೊಂದು ತುಂಡು ಸಂಜೆಗೊಂದು ತುಂಡು ಹಾಕುತ್ತಿದ್ದಳು. ಕೊನೆಗೆ ಅಡಿಕೆ ಉಳಿಯಿತು, ಎಲೆ ಮುಗಿಯಿತು. ಕ್ಷೌರದಂಗಡಿ ಮುಚ್ಚಿ ಗಂಡಸರ ತಲೆ ಬೆಳೆದವು. ನಿವೃತ್ತ ಮಾಸ್ತರೊಬ್ಬರು ನಮ್ಮ ಎದುರು ಮನೆಯವರು. ದೂರದರ್ಶನದಲ್ಲಿ ರಾಮಾಯಣ ಮತ್ತೆ ಶುರುವಾಗಿತ್ತಲ್ಲ, ಅವರು ಟಿ.ವಿ.ಯನ್ನು ಕಿಟಕಿಯ ಕಡೆ ತಿರುಗಿಸಿ, ಮುಂಜಾನೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ಪೂರ್ತಿ ದನಿ ಏರಿಸಿ ಇಡುತ್ತಿದ್ದರು. ಇಡೀ ಓಣಿಗೆ ಕೇಳಲಿ ಎಂಬುದು ಅವರ ಒಳ್ಳೆಯ ಮನಸ್ಸು. ಪಕ್ಕದ ಮನೆಯ ಕೂಸು ಮಲಗುವ ಹೊತ್ತೂ ಅದೇ. ಆ ಕೂಸಿನ ತಾಯಿ ಒಂದು ದಿನ ತಾಳದೆ ಕಿಟಕಿಯ ಹತ್ತಿರ ಹೋಗಿ, “ಮಾಸ್ತರ, ವನವಾಸಕ್ಕ ಹೋಗುಮಟಾ ಸಾಕು, ಯುದ್ಧ ಮಾತ್ರ ಸಣ್ಣಗ ಹಚ್ಚರಿ” ಎಂದು ಕೈಮುಗಿದಳು.

ಈಗ ಗಿರಣಿಗೆ ಬರೋಣ. ನಮ್ಮ ಓಣಿಯ ಗಿರಣಿ ಕಾಕಾ ಬಹಳ ಅಂಜುಕುಳಿ, ಬಹಳ ನೆಟ್ಟಗಿನ ಮನುಷ್ಯ. ಹಿಟ್ಟಿನ ತೂಕದಲ್ಲಿ ಒಂದು ಹಿಡಿ ಹೆಚ್ಚೇ ಕೊಡುವವನು. ಗಿರಣಿ ಮುಚ್ಚಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಆದರೂ ಜನ ಸೇರುತ್ತಾರೆ, ಏನಾದರೂ ಆದರೆ ತನ್ನ ಮೇಲೆ ಬರುತ್ತದೆ ಎಂದು ತಾನಾಗಿ ಮುಚ್ಚಿದ. ನಾಲ್ಕು ದಿನಕ್ಕೆ ರೊಟ್ಟಿ ನಿಂತು ಓಣಿ ಗದ್ದಲ ಎಬ್ಬಿಸಿದಾಗ ಮುಂಜಾನೆ ಎರಡು ತಾಸು ತೆಗೆಯಲು ಒಪ್ಪಿದ. ಸುಣ್ಣದಲ್ಲಿ ಗುಂಡು ಬರೆದ, ಒಬ್ಬೊಬ್ಬರ ಬುಟ್ಟಿ ಒಂದೊಂದು ಗುಂಡಿನಲ್ಲಿ. ಜೋಳ, ಗೋಧಿ, ಅಕ್ಕಿ ಬೀಸುತ್ತೇನೆ, ಖಾರ ಮಾತ್ರ ಕುಟ್ಟುವುದಿಲ್ಲ ಅಂದ. “ಖಾರ ಹಾಕಿದೆ ಅಂದರ ನಿಂತವರೆಲ್ಲಾ ಸೀನತಾರ. ಒಬ್ಬ ಸೀನಿದ ಅಂದರ ಉಳದವರು ಬುಟ್ಟಿ ಬಿಟ್ಟು ಓಡತಾರ. ನನ್ನ ಮಷೀನಿಗೆ ಆ ಕೆಟ್ಟ ಹೆಸರು ಬ್ಯಾಡ್ರಿ” ಅನ್ನುವುದು ಅವನ ಮಾತು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆದರೆ ಮೂಲೆಮನೆ ದೊಡ್ಡವ್ವನ ಮನೆಯಲ್ಲಿ ಅರ್ಧ ಚೀಲ ಬ್ಯಾಡಗಿ ಕಾಯಿ ಆಗಲೇ ಬಂದು ಕೂತಿತ್ತು. ಬ್ಯಾಡಗಿ ಮಾರುಕಟ್ಟೆ ಬಂದಾಗುವ ಮುಂಚೆ ತರಿಸಿದ್ದು. ದೊಡ್ಡವ್ವ ಎಂದರೆ ನಮ್ಮ ಓಣಿಯ ಕಣ್ಣು. ಯಾರ ಮನೆಗೆ ಯಾರು ಬಂದರು, ಯಾರ ಆಕಳು ಎಷ್ಟು ಹಿಂಡಿತು, ಎಲ್ಲ ಅವಳಿಗೆ ಗೊತ್ತು. ಬಾಣಂತನವಿರಲಿ, ಸಾವಿರಲಿ, ಮೊದಲು ಬಾಗಿಲಿಗೆ ಬರುವವಳೂ ಅವಳೇ. ನನ್ನಪ್ಪ ತೀರಿದಾಗ ಎರಡು ದಿನ ನಮ್ಮ ಮನೆಗೆ ಅನ್ನ ಬಂದದ್ದು ಅವಳ ಒಲೆಯಿಂದ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿ ಅವಳ ಬಗ್ಗೆ ಕೆಟ್ಟ ಅಭಿಪ್ರಾಯ ತಳೆಯಬಾರದು.

ದೊಡ್ಡವ್ವನ ಮನೆಗೂ ನಮ್ಮ ಮನೆಗೂ ನಡುವೆ ಬಾವಿಮನೆ. ಬಾವಿ ಮುಚ್ಚಿ ಎಷ್ಟೋ ವರ್ಷ ಆಯಿತು, ಹೆಸರು ಉಳಿದಿದೆ. ಅಲ್ಲಿ ಒಬ್ಬ ತಾಯಿ, ಒಬ್ಬನೇ ಮಗ. ಹುಡುಗ ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹೋಟೆಲು ಮುಚ್ಚಿತು, ಮಲಗಲು ಕೊಟ್ಟಿದ್ದ ಕೋಣೆಯನ್ನೂ ಬಿಡಿಸಿದರು. ಬಸ್ಸಿಲ್ಲ, ರೈಲಿಲ್ಲ. ಅಷ್ಟು ದೂರ ನಡೆದು, ತರಕಾರಿ ಲಾರಿ ಹಿಡಿದು, ಮತ್ತೆ ನಡೆದು, ಯುಗಾದಿ ಕಳೆದು ಕೆಲವು ದಿನಕ್ಕೆ ನಸುಕಿನಲ್ಲಿ ಊರು ಮುಟ್ಟಿದ. ಕಂಟಿಯ ಸಂದಿಯಲ್ಲಿ ನುಸುಳಿ ಬಂದಿದ್ದಕ್ಕೆ ಅವನ ಅಂಗಿ ಹರಿದು ಬೆನ್ನಿಗೆ ಗೀರು ಬಿದ್ದಿತ್ತು. ಆ ಗೀರು ನೋಡಿದ ನೆನಪು ನನಗೆ ಚೆನ್ನಾಗಿದೆ. ಕಾಲು ಬಾತಿದ್ದವು, ಚಪ್ಪಲಿಗೆ ಸುತಳಿ ಕಟ್ಟಿಕೊಂಡಿದ್ದ.

ಹೊತ್ತು ಏರುವುದರೊಳಗೆ ಓಣಿಗೆಲ್ಲ ಗೊತ್ತಾಯಿತು. ಊರಿನ ಆಶಾ ಕಾರ್ಯಕರ್ತೆ, ನಮಗೆಲ್ಲ ಆಶಾ ಅಕ್ಕ, ರಜಿಸ್ಟರು ಹಿಡಿದು ಬಂದಳು. ಜ್ವರ ಇದೆಯೇ, ಕೆಮ್ಮು ಇದೆಯೇ, ಉಸಿರಾಡಲು ತ್ರಾಸು ಇದೆಯೇ ಎಂದು ಕೇಳಿ ಬರೆದುಕೊಂಡಳು. ಏನೂ ಇರಲಿಲ್ಲ. ಹದಿನಾಲ್ಕು ದಿನ ಹಿತ್ತಲ ಕೋಣೆಯಲ್ಲಿ ಬೇರೆ ಇರು, ತಾಟು ಲೋಟ ಬೇರೆ ಇಟ್ಟುಕೋ ಅಂದಳು. ಹುಡುಗ ತಲೆಯಾಡಿಸಿದ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ನಳದ ಹತ್ತಿರ ಹುಡುಗನ ತಾಯಿಗೆ, “ನೀ ಎಲ್ಲಾರದೂ ಆದ ಮ್ಯಾಲೆ ಬಾ” ಅಂದರು. ನಮ್ಮಲ್ಲಿ ನೀರು ಬಿಡುವುದು ಎಷ್ಟು ಹೊತ್ತು, ಎಲ್ಲರದೂ ಆದ ಮೇಲೆ ಉಳಿಯುವುದು ಎಷ್ಟು ಕೊಡ, ಹೇಳಿದವರಿಗೆ ಗೊತ್ತಿತ್ತು. ಹಾಲಿನವನು ಅವರ ಬಾಗಿಲಿಗೆ ಹೋಗುವುದು ನಿಲ್ಲಿಸಿದ. ಕಿರಾಣಿ ಅಂಗಡಿಯಲ್ಲಿ ಅವಳ ಕೈಯ ನೋಟು ಮುಟ್ಟದೆ, ನೆಲದ ಮೇಲಿಡಲು ಹೇಳಿ, ಮೇಲೆ ನೀರು ಚಿಮುಕಿಸಿದರು. ಇದೆಲ್ಲದರ ಮುಂದಾಳು ದೊಡ್ಡವ್ವ. “ನಮ್ಮ ಮನ್ಯಾಗ ಸಣ್ಣ ಕೂಸು ಐತಿ, ನನಗ ಅದರದ ಚಿಂತಿ” ಅನ್ನುತ್ತಿದ್ದಳು. ಅವಳ ಅಂಜಿಕೆ ಸುಳ್ಳಲ್ಲ. ಆದರೆ ನೀರಿಗೆ ಬಂದ ಹೆಂಗಸನ್ನು ಖಾಲಿ ಕೊಡದೊಂದಿಗೆ ಬಿಸಿಲಲ್ಲಿ ನಿಲ್ಲಿಸುವುದು ಯಾವ ರೋಗಕ್ಕೆ ಮದ್ದು? ನನ್ನ ಹೆಂಡತಿ ಎರಡು ಕೊಡ ಹೆಚ್ಚು ತುಂಬಿಕೊಂಡು ಬಂದು ಹಿತ್ತಲ ಗೋಡೆಯ ಮೇಲಿಂದ ಇಳಿಸಿಕೊಡುತ್ತಿದ್ದಳು. ಅದು ದೊಡ್ಡವ್ವನಿಗೆ ತಿಳಿದು ನಮ್ಮ ಮನೆಗೂ ಮಾತು ಕಡಿಮೆಯಾಯಿತು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಆಗ ಒಂದೇ ಒಂದು ಪ್ರಕರಣವೂ ಇರಲಿಲ್ಲ. ಮೊದಲನೆಯದು ಸವಣೂರಿನಲ್ಲಿ ಕಂಡದ್ದು ಮೇ ತಿಂಗಳು ಬಂದ ಮೇಲೆ, ಅದೂ ಮುಂಬೈಯಿಂದ ಬಂದವರಲ್ಲಿ.

ಎಲೆಅಡಿಕೆಯ ಅಜ್ಜಿ ಇದನ್ನೆಲ್ಲ ನೋಡುತ್ತ ಕೂತಿರುತ್ತಿದ್ದಳು. ಅವಳ ಅತ್ತೆ ಪ್ಲೇಗಿನ ಕಾಲದವಳಂತೆ. ಅಜ್ಜಿಯ ಬಾಯಲ್ಲಿ ಅದು ಪಿಳೇಗು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಎದ್ದು ಜನ ಲೆಕ್ಕವಿಲ್ಲದೆ ಹೋದದ್ದು, ಹಾಫ್‌ಕಿನ್ ಎಂಬ ವಿಜ್ಞಾನಿ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಾವಿರಾರು ಮಂದಿಗೆ ಚುಚ್ಚಿದ್ದು ನಾನು ಓದಿ ತಿಳಿದದ್ದು. ಅಜ್ಜಿಗೆ ಗೊತ್ತಿದ್ದದ್ದು ಇಷ್ಟು: ಮನೆಯಲ್ಲಿ ಇಲಿ ಸತ್ತುಬಿತ್ತೆಂದರೆ ಹಾಸಿಗೆ ಪಾತ್ರೆ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತಿತ್ತು. ಗುಡಿಸಲು ಹಾಕಿಕೊಂಡು ತಿಂಗಳಾನುಗಟ್ಟಲೆ ಅಲ್ಲೇ ಇರುತ್ತಿದ್ದರು. “ಆವಾಗ ಎಲ್ಲಾರೂ ಕೂಡೇ ಊರು ಬಿಡತಿದ್ದರು. ಒಬ್ಬರ ಒಲಿಯಿಂದ ಒಬ್ಬರು ಕೆಂಡ ಇಸಗೋತಿದ್ದರು. ಈಗಿಂದು ಯಾ ನಮೂನಿ ಬ್ಯಾನಿಯೋ ಯಪ್ಪಾ, ಎದುರುಬದುರು ಕುಂತು ಮಾರಿ ಕಂಡರ ಆಗವಲ್ದು.” ಅಜ್ಜಿಯ ಮಾತು ಎಲ್ಲರೂ ಕೇಳುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ.

ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಿದ ರವಿವಾರ, ಏಪ್ರಿಲ್ 5, ಕಳೆದಿತ್ತು. ದವನದ ಹುಣ್ಣಿಮೆಯ ಹಿಂದಿನ ದಿನವೋ, ಹುಣ್ಣಿಮೆಯ ದಿನವೇ ಇರಬೇಕೋ, ಅದು ನನಗೆ ಖಚಿತವಿಲ್ಲ. ರೇವತಿ ಮಳೆಯ ಮೋಡ ಬಂದು ನಿಂತು, ಹನಿ ಬೀಳದೆ, ಸೆಕೆ ಮಾತ್ರ ಕುದಿಯುತ್ತಿತ್ತು. ಒಂದು ಮಳೆ ಬಿದ್ದರೆ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಗೆಲ್ಲ ಬೂಸಲು. ದೊಡ್ಡವ್ವ ಇನ್ನು ಕಾಯಲಾರದೆ ಹಿತ್ತಲಿನ ಹಳೆಯ ಕಲ್ಲಿನ ಒಳ್ಳು ತೊಳೆಸಿದಳು. ಅಟ್ಟದ ಮೇಲಿದ್ದ ಒನಕೆ ಇಳಿಯಿತು. ಇಬ್ಬರು ಸೊಸೆಯಂದಿರು ಮುಂಜಾನೆಯಿಂದ ತೊಟ್ಟು ಮುರಿದರು. ಮಧ್ಯಾಹ್ನದ ಊಟ ಆದ ಮೇಲೆ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ದೊಡ್ಡ ಬಾಣಲೆ ಇಟ್ಟರು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಒಣಕೊಬ್ಬರಿ ಹುರಿಯುವ ತನಕ ಓಣಿಗೆಲ್ಲ ಒಳ್ಳೆಯ ವಾಸನೆ. ಕಟ್ಟೆಯ ಮೇಲಿದ್ದ ಮಾಸ್ತರು ಮೂಗು ಏರಿಸಿ, “ದೊಡ್ಡವ್ವನ ಮಸಾಲಿ ಖಾರ ಶುರುವಾತು” ಅಂದದ್ದು ನನಗೆ ಕೇಳಿಸಿತು.

ಆಮೇಲೆ ಎಣ್ಣೆ ಸವರಿದ ಮೆಣಸಿನಕಾಯಿ ಬಾಣಲೆಗೆ ಬಿದ್ದವು. ಆ ಸಲ ಗುಂಟೂರು ಕಾಯಿ ಸ್ವಲ್ಪ ಧಾರಾಳವಾಗಿಯೇ ಬಿದ್ದಿತ್ತಂತೆ. ಹುರಿದದ್ದನ್ನು ಒಳ್ಳಿಗೆ ಹಾಕಿ ಎರಡು ಒನಕೆ ಏರಿಳಿಯತೊಡಗಿದವು. ಸುಂಯ್ ಎಂದು ಮಳೆಗಾಳಿ ಎದ್ದದ್ದೂ ಆಗಲೇ. ಗಾಳಿ ಹಿತ್ತಲ ಕಡೆಯಿಂದ ಓಣಿಗೆ ನುಗ್ಗಿತು, ಘಾಟು ಹೊತ್ತುಕೊಂಡು.

ಮೊದಲು ಸೀನಿದವರು ಮಾಸ್ತರು. ಅವರ ಸೀನು ದೊಡ್ಡದು. ಅದರ ಹಿಂದೆಯೇ ನಮ್ಮವ್ವ, ನನ್ನ ಮಕ್ಕಳು. ಎದುರು ಸಾಲಿನಲ್ಲಿ ಒಂದೊಂದೇ ಮನೆಯಿಂದ ಕೆಮ್ಮು ಎದ್ದಿತು. ಆಕಳು ಕೂಡ ಕೆಮ್ಮಿತು. ಮಲಗಿದ್ದ ಕೂಸು ಎದ್ದು ಕಿರುಚಿತು. ಬಾಗಿಲು ಹಾಕಿಕೊಂಡವರು ಒಳಗೇ ಕೆಮ್ಮಿದರು, ತೆಗೆದವರು ಹೊರಗೆ ಬಂದು ಕೆಮ್ಮಿದರು. ನಮ್ಮ ಓಣಿಯವರಿಗೆ ಇದು ಖಾರದ ಘಾಟು ಎಂದು ತಿಳಿಯಲು ಒಂದು ಗಳಿಗೆ ಸಾಕಾಯಿತು. ಆದರೆ ಕಂಟಿಯ ಆಚೆ ನಿಂತವರಿಗೆ ಕೇಳಿದ್ದು ಕೆಮ್ಮು ಮಾತ್ರ. ಬೆಂಗಳೂರಿಂದ ಒಬ್ಬ ಬಂದಾನೆ ಎಂಬುದು ಅವರಿಗೆ ಮೊದಲೇ ಗೊತ್ತು. ಯಾರೋ 104ಕ್ಕೆ ಫೋನು ಹಚ್ಚಿದರು, ಯಾರೋ ಪಂಚಾಯಿತಿಯವರಿಗೆ ಹೇಳಿದರು. ‘ಆ ಓಣಿಗೆ ಓಣಿಯೇ ಹಿಡಕೊಂಡೈತಿ’ ಎಂಬ ಸುದ್ದಿ ಊರ ಕೊನೆ ಮುಟ್ಟಿ ಅಲ್ಲಿಂದ ತಂಗಿಯ ಊರಿಗೂ ಹೋಗಿ, ಅವಳು ಅಳುತ್ತ ನನಗೆ ಫೋನು ಮಾಡಿದಳು. ನಾನು ಕೆಮ್ಮುತ್ತ ‘ಏನಿಲ್ಲವ್ವಾ’ ಅಂದರೆ ಅವಳು ನಂಬುವುದು ಹೇಗೆ?

ಸಿಂಪಡಿಸುವ ಔಷಧದ ಟ್ರ್ಯಾಕ್ಟರು ಕಂಟಿಯ ಹತ್ತಿರ ಬಂದು ನಿಂತಿತು. ನಾಲ್ಕೈದು ಜನ ಮೂಗಿಗೆ ವಸ್ತ್ರ ಬಿಗಿದು ದೂರದಲ್ಲೇ ನಿಂತು, “ಆ ಬೆಂಗಳೂರು ಹುಡುಗನ್ನ ಮೊದಲ ಹೊರಗ ಕಳಸ್ರಿ, ಹಾನಗಲ್ ದವಾಖಾನಿಗೆ ಒಯ್ಯೂಣು” ಎಂದು ಕೂಗಿದರು. ಓಣಿಯವರು ಖಾರದ ವಿಷಯ ಹೇಳಬೇಕಿತ್ತು. ಹೇಳಲು ಬಾಯಿ ತೆರೆದವರಿಗೆಲ್ಲ ಕೆಮ್ಮು. ಅದೂ ಅಲ್ಲದೆ ಇಷ್ಟು ಜನ ಹೊರಗಿನವರು ಬೊಟ್ಟು ಮಾಡಿದ ಮೇಲೆ ನಮ್ಮವರಲ್ಲೇ ಕೆಲವರು ಬಾವಿಮನೆಯ ಬಾಗಿಲ ಕಡೆ ತಿರುಗಿ ನಿಂತರು. ಖಾರದ ಘಾಟು ಎಂದು ಗೊತ್ತಿದ್ದವರು! ಇಂದಿಗೂ ಅದು ನನಗೆ ಸಹಿಸದ ಮಾತು. ಹುಡುಗನ ತಾಯಿ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತಿದ್ದಳು. “ನನ್ನ ಮಗ ಕೆಮ್ಮಿಲ್ರಿ. ಎಲ್ಲಾರೂ ಕೆಮ್ಮಾಕತ್ತೀರಿ, ಅವಾ ಒಬ್ಬನ ಕೆಮ್ಮಿಲ್ಲ. ಕೇಳ್ರಿ ಬೇಕಾದರ, ಒಳಗ ಸಪ್ಪಳ ಐತೇನ ಕೇಳ್ರಿ” ಅನ್ನುತ್ತಿದ್ದಳು.

ಆಶಾ ಅಕ್ಕ ಬಂದಳು. ಗುಲಾಬಿ ಸೀರೆ, ಮನೆಯಲ್ಲಿ ಹೊಲಿದ ಬಟ್ಟೆಯ ಮಾಸ್ಕು, ಬಗಲಲ್ಲಿ ರಜಿಸ್ಟರು. ಆ ಬೇಸಿಗೆಯಲ್ಲಿ ಅವಳು ತುಳಿಯದ ಅಂಗಳ ನಮ್ಮೂರಲ್ಲಿಲ್ಲ. ಕಂಟಿ ದಾಟಿ ಎಲ್ಲರೂ ಬೇಡಬೇಡ ಅನ್ನುತ್ತಿದ್ದರೂ ಒಳಗೆ ಬಂದು, ನಾಲ್ಕು ಹೆಜ್ಜೆ ಇಟ್ಟು, ತಾನೇ ಎರಡು ಸಲ ಸೀನಿದಳು. ಕಣ್ಣು ಒರೆಸಿಕೊಂಡು ಬಾವಿಮನೆಯ ಕಡೆ ಹೋಗಲಿಲ್ಲ, ಗಾಳಿ ಬರುತ್ತಿದ್ದ ದಿಕ್ಕಿಗೆ ನೆಟ್ಟಗೆ ದೊಡ್ಡವ್ವನ ಹಿತ್ತಲಿಗೆ ಹೋದಳು. ಹೊರಬಂದಾಗ ಅವಳ ಕೈಯಲ್ಲಿ ಒಂದು ಮೊರ, ಮೊರದ ತುಂಬ ಕೆಂಪು ಖಾರ. ಕಂಟಿಯ ಹತ್ತಿರ ಒಯ್ದು ಆಚೆಯವರಿಗೆ ಹಿಡಿದು ತೋರಿಸಿದಳು. “ಇದನ್ನ ಹಾನಗಲ್ಲಿಗೆ ಒಯ್ಯತೀರೇನು? ಒಯ್ರಿ. ಹುಡುಗನ ಹೆಸರು ತಗೋಬ್ಯಾಡ್ರಿ ಮತ್ತ.” ಅವರೂ ಸೀನತೊಡಗಿದರು. ಟ್ರ್ಯಾಕ್ಟರು ಹಿಂದಕ್ಕೆ ಹೋಯಿತು. ನಗು ಎಲ್ಲಿಂದ ಶುರುವಾಯಿತೋ ನೆನಪಿಲ್ಲ, ಓಣಿಯೆಲ್ಲ ಕೆಮ್ಮುತ್ತ ನಕ್ಕಿತು. ಎಷ್ಟೋ ದಿನದ ಮೇಲೆ ಎಲ್ಲರೂ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದ್ದೆವು.

ಆ ನಗು ಇಳಿಯುವುದರೊಳಗೆ ಆಶಾ ಅಕ್ಕ ಬಾವಿಮನೆಗೆ ಹೋದಳು, ಹುಡುಗನನ್ನು ನೋಡಿ ಬರುವುದು ಅವಳ ದಿನದ ಕೆಲಸ. ನಾನು ಗೋಡೆಯ ಈಚೆ ಇದ್ದೆ, ಹಿತ್ತಲ ಕೋಣೆಯ ಕಿಟಕಿ ನಮ್ಮ ಕಡೆ. ಹುಡುಗ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಬಾಯಲ್ಲಿ ಟವೆಲು. ಕಟ್ಟಿಕೊಂಡಿರಲಿಲ್ಲ, ತುರುಕಿಕೊಂಡಿದ್ದ. ಮೇಲೆ ಎರಡೂ ಅಂಗೈ ಒತ್ತಿ ಹಿಡಿದಿದ್ದ. ಮುಖವೆಲ್ಲ ರಕ್ತ ಏರಿ, ಕೊರಳಿನ ನರ ಉಬ್ಬಿ, ಕಣ್ಣಿಂದ ಮೂಗಿಂದ ನೀರು ಇಳಿಯುತ್ತಿತ್ತು. ಪಕ್ಕದ ಹಿತ್ತಲಿನದೇ ಘಾಟು, ಎಲ್ಲರಿಗಿಂತ ಹೆಚ್ಚು ಹೊಕ್ಕದ್ದು ಅವನ ಕೋಣೆಗೆ. ಆಶಾ ಅಕ್ಕ ರಜಿಸ್ಟರು ಕೆಳಗೆ ಹಾಕಿ, ಬೇರೆ ಇರಬೇಕೆಂದು ತಾನೇ ಹೇಳಿದ್ದನ್ನೂ ಲೆಕ್ಕಿಸದೆ ಒಳಗೆ ಹೋಗಿ ಟವೆಲು ಎಳೆದಳು. “ಕೆಮ್ಮೋ ತಮ್ಮಾ, ಕೆಮ್ಮು. ನಾ ಅದೀನಿ, ಕೆಮ್ಮು” ಅಂದಳು. ಅವನು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

ಹೊರಗೆ ನಗು ನಿಂತಿತು. ದೊಡ್ಡವ್ವ ಒನಕೆ ಹಿಡಿದೇ ತನ್ನ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತಿದ್ದಳು. ಅವಳು ನೋಡಿದಳೋ, ಬರೀ ಕೇಳಿದಳೋ ಗೊತ್ತಿಲ್ಲ. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪಾಯಿತು ಅನ್ನುವ ಮಾತು ಅವಳ ಬಾಯಿಂದ ಬಂದದ್ದು ನಾನಂತೂ ಕೇಳಿಲ್ಲ. ಉಳಿದ ಕಾಯಿ ಆ ದಿನ ಕುಟ್ಟಲಿಲ್ಲ. ಸಂಜೆ ಹನಿ ಬಿದ್ದು ಅಂಗಳದಲ್ಲಿದ್ದದ್ದು ತೊಯ್ದುಹೋಯಿತು. ಮರುದಿನ ನಳದ ಹತ್ತಿರ ಸಾಲಿಗೆ ಹುಡುಗನ ತಾಯಿಯ ಕೊಡವೂ ಬಂತು, ಎಲ್ಲರ ನಡುವೆ. ಯಾರೂ ಎತ್ತಿಡಲಿಲ್ಲ. ಹಾಲಿನವನು ಮಾತ್ರ ಇನ್ನೂ ಎಂಟು ದಿನ ತೆಗೆದುಕೊಂಡ.

ಕಂಟಿ ತಾನಾಗಿ ಹೋಯಿತು. ಮಾವಿನ ಸುಗ್ಗಿ ಬಂತು, ಹಾನಗಲ್ ತಾಲೂಕಿನ ಆಪೂಸು ಗಿಡದಲ್ಲೇ ಹಣ್ಣಾಗತೊಡಗಿತು. ವರ್ಷವೂ ಬರುವ ಹೊರಗಿನ ವ್ಯಾಪಾರಿಗಳಿಲ್ಲ. ಕೃಷಿ ಮಂತ್ರಿ ಆಗ ಪಕ್ಕದ ಹಿರೇಕೆರೂರಿನ ಶಾಸಕರೇ, ಬಿ.ಸಿ. ಪಾಟೀಲರು, ಗೃಹಮಂತ್ರಿ ಶಿಗ್ಗಾವಿಯಿಂದ ಗೆದ್ದ ಬಸವರಾಜ ಬೊಮ್ಮಾಯಿಯವರು. ರೈತರ ಗಾಡಿ ತಡೆಯಬಾರದು ಎಂದು ಸರಕಾರ ಹೇಳಿತ್ತು, ಗಾಡಿಯೇನೋ ಹೋಯಿತು, ಕೊಳ್ಳುವವರು ಬೇಕಲ್ಲ. ಹಣ್ಣು ಓಣಿಓಣಿಗೆ ಬುಟ್ಟಿಯಲ್ಲಿ ಬಂತು, ಅದನ್ನು ಒಳಗೆ ತರಲು ಕಂಟಿ ಸರಿಸಿದರು, ಮತ್ತೆ ಯಾರೂ ಎಳೆಯಲಿಲ್ಲ. ಆ ವರ್ಷ ನಾವು ತಿಂದಷ್ಟು ಸೀಕರಣೆ ಎಂದೂ ತಿಂದಿಲ್ಲ, ಬೆಳೆದವರ ಮುಖ ನೋಡಿ ತಿನ್ನುವುದು ಕಷ್ಟವಾಗುತ್ತಿತ್ತು. ಹುಡುಗ ಮೇ ತಿಂಗಳಲ್ಲಿ ಉದ್ಯೋಗ ಖಾತ್ರಿಯ ಕೆರೆ ಹೂಳಿನ ಕೆಲಸಕ್ಕೆ ಹೋದ, ದಿನಕ್ಕೆ 275 ರೂಪಾಯಿ. ದೊಡ್ಡವ್ವನ ಇಬ್ಬರು ಮಕ್ಕಳೂ ಅದೇ ಕೆಲಸದಲ್ಲಿದ್ದರು, ಬುತ್ತಿ ಒಟ್ಟಿಗೇ ಬಿಚ್ಚುತ್ತಿದ್ದರು. ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿ ಕೂತಾಗ, ಅವರಿಗೆ ಅದು ಸಲ್ಲಲೇಬೇಕು ಎಂದು ನಮ್ಮ ಓಣಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತಾಡಿದವಳು ದೊಡ್ಡವ್ವ.

ಹುಡುಗ ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ಸಾಲ ಮಾಡಿ ಒಂದು ಟಾಟಾ ಏಸ್ ಹಿಡಿದ. ಈಗ ಬೇಸಿಗೆಯಲ್ಲಿ ಮಾವು, ಮಳೆಗಾಲ ಕಳೆದರೆ ಗೋವಿನಜೋಳ, ಶುಂಠಿ ಹೇರುತ್ತಾನೆ. ಹೋದ ಸಲ ಅವನ ಗಾಡಿಯಲ್ಲಿ ಹಾನಗಲ್ಲಿಗೆ ಹೋಗುವಾಗ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ. ಘಾಟು ಎಂದು ನಿನಗೂ ಗೊತ್ತಿತ್ತಲ್ಲ ತಮ್ಮಾ, ಕೂಗಿ ಹೇಳಬಾರದಿತ್ತೇ ಎಂದು.

“ಗೊತ್ತಿತ್ತು ಕಾಕಾ. ಹುರಿಯೂ ಮುಂದನ ವಾಸನಿ ಬಂದಿತ್ತು. ಆದರ ಹೇಳಾಕ ಬಾಯಿ ತೆಗೀಬೇಕಲ್ಲ. ತೆಗದರ ಮೊದಲ ಕೆಮ್ಮ ಬರತಿತ್ತು, ಆಮ್ಯಾಲೆ ಮಾತು. ಮಾತು ಬರುಮಟಾ ಯಾರು ನಿಲ್ಲತಿದ್ದರು?” ಅಂದ. ಅಷ್ಟರಲ್ಲಿ ಮುಂದೆ ಕುರಿಹಿಂಡು ಅಡ್ಡ ಬಂತು, ಹಾರ್ನು ಒತ್ತದೆ ಗಾಡಿ ನಿಲ್ಲಿಸಿ, ಮಾವಿನ ಬುಟ್ಟಿಗೆ ಬಿಗಿದ ಹಗ್ಗ ಸಡಿಲಾಗಿದೆಯೇನೋ ನೋಡಿಬರುತ್ತೇನೆ ಎಂದು ಇಳಿದುಹೋದ.